ಕುದುರೆ ದಾರಿಯಲ್ಲಿ ಸೈಕಲ್ಲಿಗೆ ಸಿಕ್ಕ ಜಾಗ

ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ ಸೌತ್ ಡೌನ್ಸ್ ಎಂಬ ಸುಣ್ಣಕಲ್ಲಿನ ಗುಡ್ಡಸಾಲಿದೆ. ಅಲೆಯಂತೆ ಏರಿಳಿಯುವ ಹುಲ್ಲುಗಾವಲು, ಅಲ್ಲಲ್ಲಿ ಕುರಿಮಂದೆ, ಕೆಳಗೆ ಬೇಲಿಗಿಡಗಳ ನಡುವೆ ಹಂಚಿಹೋದ ಹೊಲಗಳು. ಈ ಸಾಲಿನ ನೆತ್ತಿಯ ಮೇಲೆ ವಿಂಚೆಸ್ಟರ್‌ನಿಂದ ಕಡಲತೀರದ ಈಸ್ಟ್‌ಬೋರ್ನ್‌ವರೆಗೆ ಸುಮಾರು 100 ಮೈಲಿ ಉದ್ದದ ದಾರಿಯೊಂದು ಸಾಗುತ್ತದೆ. ರಜೆಯ ದಿನಗಳಲ್ಲಿ ದಪ್ಪ ಟೈರಿನ ಮೌಂಟನ್ ಬೈಕುಗಳನ್ನು ತುಳಿಯುತ್ತ ಹೋಗುವ ಸವಾರರು ಇಲ್ಲಿ ಸಾಮಾನ್ಯ.

ಈ ನಾಡಿನಲ್ಲಿ ಹಳ್ಳಿಗಾಡಿನ ದಾರಿ ಕವಲೊಡೆಯುವ ಕಡೆ ಸಾಮಾನ್ಯವಾಗಿ ಒಂದು ಮರದ ಕಂಬವಿರುತ್ತದೆ. ಅದರ ಮೇಲೆ ನೀಲಿ ಬಾಣವಿದ್ದರೆ ಸೈಕಲ್ ಸವಾರ ಮುಂದೆ ಹೋಗಬಹುದು. ಹಳದಿ ಬಾಣವಿದ್ದರೆ ಅದು ನಡೆಯುವವರ ದಾರಿ. ಅಲ್ಲಿ ಸೈಕಲ್ ತುಳಿಯುವ ಹಕ್ಕು ಅವನಿಗಿಲ್ಲ. ಎರಡೂ ದಾರಿಗಳ ಅಗಲ ಒಂದೇ ಇರಬಹುದು, ಮಣ್ಣೂ ಒಂದೇ ಇರಬಹುದು. ಆದರೂ ಈ ಭೇದವೇಕೆ? ಉತ್ತರಕ್ಕಾಗಿ ಇಂಗ್ಲೆಂಡಿನ ಭೂಮಿಯ ಚರಿತ್ರೆಯನ್ನೇ ಸ್ವಲ್ಪ ಕೆದಕಬೇಕಾಗುತ್ತದೆ.

ನೆಲ ಒಬ್ಬರದು, ದಾರಿ ಎಲ್ಲರದು

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಬಹುತೇಕ ನೆಲ ಖಾಸಗಿಯವರದು. ಆದರೆ ಆ ನೆಲದ ಮೇಲೆ ಹಾದುಹೋಗುವ ಹಕ್ಕು ಕೆಲವು ನಿರ್ದಿಷ್ಟ ಗೆರೆಗಳಲ್ಲಿ ಸಾರ್ವಜನಿಕರದು. ಒಮ್ಮೆ ಸಾರ್ವಜನಿಕ ದಾರಿಯಾದದ್ದು ಎಂದೆಂದಿಗೂ ಸಾರ್ವಜನಿಕ ದಾರಿಯೇ ಎಂಬುದು ಅಲ್ಲಿನ ನ್ಯಾಯಾಲಯಗಳು ಒಪ್ಪಿಕೊಂಡು ಬಂದ ಹಳೆಯ ತತ್ತ್ವ. ದಾರಿಗಳಲ್ಲೂ ದರ್ಜೆಗಳಿವೆ. ನಡೆಯುವವರಿಗೆ ಮಾತ್ರ ಕಾಲುದಾರಿ. ನಡೆಯುವವರಿಗೂ ಕುದುರೆ ಸವಾರರಿಗೂ ಬ್ರೈಡಲ್‌ವೇ, ಅಂದರೆ ಕುದುರೆ ದಾರಿ. ಗಾಡಿಗಳಿಗೂ ಅವಕಾಶವಿರುವ ಬಂಡಿದಾರಿ.

ಈ ದರ್ಜೆಗಳಲ್ಲಿ ಅನೇಕವು ಕಾಗದದ ಮೇಲೆ ಖಚಿತವಾದದ್ದು ಬೇಲಿ ಹಾಕುವ ಕಾಲದಲ್ಲಿ. 1604ರಿಂದ 1914ರವರೆಗೆ ಬ್ರಿಟಿಷ್ ಸಂಸತ್ತು 5,200ಕ್ಕೂ ಹೆಚ್ಚು ವಿಧೇಯಕಗಳ ಮೂಲಕ ಸುಮಾರು 68 ಲಕ್ಷ ಎಕರೆ ಗೋಮಾಳ, ಸಾಮೂಹಿಕ ಹೊಲಗಳಿಗೆ ಬೇಲಿ ಹಾಕಿಸಿತು. ಇದು ಇಂಗ್ಲೆಂಡಿನ ವಿಸ್ತೀರ್ಣದ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಕುರಿ ಮೇಯಿಸುತ್ತಿದ್ದ, ಸೌದೆ ಆಯುತ್ತಿದ್ದ ಬಡವರು ನೆಲ ಕಳೆದುಕೊಂಡರು. ಹಾಗೆ ಬೇಲಿ ಹಾಕಿದ ಆದೇಶಪತ್ರಗಳೇ ಯಾವ ದಾರಿ ಕಾಲ್ನಡಿಗೆಗೆ, ಯಾವುದು ಕುದುರೆಗೆ, ಎಷ್ಟು ಅಗಲ ಎಂಬುದನ್ನೂ ಬರೆದಿಟ್ಟವು. ಜನರ ಹಿಡಿತದಿಂದ ಹೊಲ ಹೋಯಿತು, ದಾರಿಯ ಗೆರೆ ಉಳಿಯಿತು.

ಸೈಕಲ್ಲೂ ಒಂದು ಗಾಡಿ!

ಇಂತಹ ವ್ಯವಸ್ಥೆಯೊಳಗೆ ಸೈಕಲ್ ಕಾಲಿಟ್ಟಿತು. ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ತಯಾರಿಸಿದ ರೋವರ್ ಸೈಕಲ್ ಇಂದಿನ ಸೈಕಲ್ಲುಗಳ ಮೂಲರೂಪ. 1888ರಲ್ಲಿ ಡನ್ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಮುಂದಿನ ದಶಕದಲ್ಲಿ ಗುಮಾಸ್ತರು, ಕಾರ್ಖಾನೆ ಕೆಲಸಗಾರರು, ಮಹಿಳೆಯರು ನಗರದ ಹೊಗೆಯಿಂದ ಹಳ್ಳಿಗಾಡಿಗೆ ಸೈಕಲ್ ಏರಿ ಹೊರಟರು.

ಈ ಹೊಸ ವಾಹನವನ್ನು ಕಾನೂನು ಎಲ್ಲಿಡಬೇಕು? ಅದು ಕುದುರೆಯಲ್ಲ, ಪಾದಚಾರಿಯೂ ಅಲ್ಲ. ಸೈಕಲ್ ಒಂದು ಗಾಡಿ ಎಂದು 1879ರಲ್ಲೇ ನ್ಯಾಯಾಲಯವೊಂದು ಹೇಳಿತ್ತು. 1888ರ ಸ್ಥಳೀಯ ಸರ್ಕಾರ ಕಾಯ್ದೆ ಅದನ್ನೇ ಸಂಸತ್ತಿನ ಮುದ್ರೆಯೊಂದಿಗೆ ಸಾರಿತು. ಇದರಿಂದ ಸೈಕಲ್ಲಿಗೆ ದೊಡ್ಡ ಲಾಭವಾಯಿತು. ಜೋಡಿ ಕುದುರೆಯ ಸಾರೋಟಿನಷ್ಟೇ ಅಧಿಕಾರದಿಂದ ಅದು ಹೆದ್ದಾರಿಯಲ್ಲಿ ಓಡಾಡಬಹುದಾಯಿತು. ಆದರೆ ನಷ್ಟವೂ ಅದೇ ವಾಕ್ಯದಲ್ಲಿತ್ತು. ಗಾಡಿಗೆ ಕುದುರೆ ದಾರಿಯಲ್ಲಿ ಪ್ರವೇಶವಿಲ್ಲವಾದ್ದರಿಂದ ಸೈಕಲ್ಲಿಗೂ ಇಲ್ಲವೆಂದಾಯಿತು.

ಹಾಗೆಂದು ಸವಾರರು ಸುಮ್ಮನಿರಲಿಲ್ಲ. ಡಾಂಬರು ರಸ್ತೆಗಳನ್ನು ಮೋಟಾರು ವಾಹನಗಳು ಆಕ್ರಮಿಸಿದಂತೆಲ್ಲ ಅವರು ಮಣ್ಣಿನ ದಾರಿಗಳತ್ತ ತಿರುಗಿದರು. 1955ರಲ್ಲಿ ಇಂತಹ ಹವ್ಯಾಸಿಗಳು ಸೇರಿ ರಫ್ ಸ್ಟಫ್ ಫೆಲೋಶಿಪ್ ಎಂಬ ಸಂಘ ಕಟ್ಟಿದರು. ಅವರ ಬಳಿ ವಿಶೇಷ ಸೈಕಲ್ಲುಗಳೇನೂ ಇರಲಿಲ್ಲ. ಮಾಮೂಲಿ ಸೈಕಲ್ ತುಳಿದು, ತುಳಿಯಲಾಗದ ಕಡೆ ಹೆಗಲಿಗೇರಿಸಿ ಬೆಟ್ಟ ದಾಟುತ್ತಿದ್ದರು.

ಕಿಂಡರ್ ಬೆಟ್ಟದ ಮೇಲೆ

ಹಳ್ಳಿಗಾಡಿನ ಹಕ್ಕಿಗಾಗಿ ನಡೆದ ಹೋರಾಟದಲ್ಲಿ ಬಹಳ ಪ್ರಸಿದ್ಧವಾದುದು 1932ರ ಏಪ್ರಿಲ್ 24ರ ಕಿಂಡರ್ ಸ್ಕೌಟ್ ಘಟನೆ. ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ನಗರಗಳ ನಡುವಿನ ಈ ಬೆಟ್ಟಪ್ರದೇಶ ಶ್ರೀಮಂತರ ಹಕ್ಕಿ ಬೇಟೆಗೆ ಮೀಸಲಾಗಿತ್ತು. ಅಂದು ನೂರಾರು ಕಾರ್ಮಿಕ ಯುವಕ ಯುವತಿಯರು ನಿಷೇಧ ಮುರಿದು ಬೆಟ್ಟ ಹತ್ತಿದರು. ಕಾವಲುಗಾರರೊಂದಿಗೆ ತಳ್ಳಾಟವಾಯಿತು. ಐವರಿಗೆ ಎರಡರಿಂದ ಆರು ತಿಂಗಳವರೆಗೆ ಜೈಲಾಯಿತು.

ಅವರ ಮುಂದಾಳು ಬೆನ್ನಿ ರಾಥ್‌ಮನ್‌ಗೆ ಆಗ ಕೇವಲ 20 ವರ್ಷ. ರೈಲು ನಿಲ್ದಾಣದಲ್ಲಿ ಪೊಲೀಸರು ಕಾದಿರಬಹುದೆಂದು ಆತ ಮ್ಯಾಂಚೆಸ್ಟರ್‌ನಿಂದ ಬಂದದ್ದು ಸೈಕಲ್ಲಿನಲ್ಲಿ. ಈ ಸಂಗತಿಯನ್ನು ನೆನಪಿಡಬೇಕು. ಏಕೆಂದರೆ ಸೈಕಲ್ ಏರಿ ಬಂದವನು ಮುನ್ನಡೆಸಿದ ಹೋರಾಟದ ಫಲ ಮುಂದೆ ಸಿಕ್ಕಿದ್ದು ಮುಖ್ಯವಾಗಿ ಕಾಲ್ನಡಿಗೆಯವರಿಗೆ.

ಎರಡನೇ ಮಹಾಯುದ್ಧದ ನಂತರ 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯ್ದೆ ಬಂತು. ಪ್ರತಿ ಜಿಲ್ಲೆಯೂ ತನ್ನ ಸಾರ್ವಜನಿಕ ದಾರಿಗಳನ್ನು ಗುರುತಿಸಿ ಅಧಿಕೃತ ನಕ್ಷೆ ತಯಾರಿಸಬೇಕೆಂದು ಅದು ವಿಧಿಸಿತು. ದಾರಿಗಳ ಪಟ್ಟಿ ಮಾಡುವ ಕೆಲಸ ಹೆಚ್ಚಾಗಿ ಗ್ರಾಮ ಮಂಡಳಿಗಳ ಪಾಲಿಗೆ ಬಿತ್ತು. ಕೆಲವು ಊರುಗಳು ಶ್ರದ್ಧೆಯಿಂದ ಮಾಡಿದವು, ಕೆಲವು ಕೈಬಿಟ್ಟವು. ಹಳೆಯ ಕುದುರೆ ದಾರಿಗಳು ಎಷ್ಟೋ ಕಡೆ ಬರೀ ಕಾಲುದಾರಿಗಳೆಂದು ದಾಖಲಾದವು. ಅಂದಿನ ಆ ನಮೂದು ಇಂದಿನ ಸವಾರನ ದಾರಿಯನ್ನೂ ನಿರ್ಧರಿಸುತ್ತಿದೆ.

ಎಂಬತ್ತು ವರ್ಷಗಳ ಬಳಿಕ

ಸೈಕಲ್ಲಿನ ಸರದಿ ಬಂದದ್ದು 1968ರಲ್ಲಿ. ಆ ವರ್ಷದ ಗ್ರಾಮಾಂತರ ಪ್ರದೇಶ ಕಾಯ್ದೆಯ 30ನೇ ಕಲಮು ಕುದುರೆ ದಾರಿಯಲ್ಲಿ ಸೈಕಲ್ ತುಳಿಯುವ ಹಕ್ಕು ನೀಡಿತು. ಗಾಡಿಯೆಂದು ಹೆಸರಿಟ್ಟು ಹೊರಗಟ್ಟಿದ ಎಂಬತ್ತು ವರ್ಷಗಳ ಮೇಲೆ ಬಾಗಿಲು ತೆರೆಯಿತು. ಆದರೆ ಎರಡು ಷರತ್ತುಗಳಿದ್ದವು. ಪಾದಚಾರಿ ಮತ್ತು ಕುದುರೆ ಸವಾರ ಎದುರಾದರೆ ಸೈಕಲ್ಲಿನವನೇ ದಾರಿ ಬಿಡಬೇಕು. ಅಲ್ಲದೆ, ಸೈಕಲ್ಲಿಗೆ ಅನುಕೂಲವಾಗುವಂತೆ ದಾರಿಯನ್ನು ಸರಿಪಡಿಸುವ ಹೊಣೆ ಯಾರ ಮೇಲೂ ಇಲ್ಲ. ಹೀಗೆ ಸೈಕಲ್ಲಿಗೆ ಪಂಕ್ತಿಯಲ್ಲಿ ಜಾಗ ಸಿಕ್ಕಿತು, ಆದರೆ ಕೊನೆಯ ಎಲೆ.

ಸ್ವಾರಸ್ಯವೆಂದರೆ ಆಗ ಮೌಂಟನ್ ಬೈಕ್ ಎಂಬ ವಸ್ತುವೇ ಇರಲಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜೋ ಬ್ರೀಜ್, ಗ್ಯಾರಿ ಫಿಶರ್ ಮೊದಲಾದ ಯುವಕರು ಬೆಟ್ಟ ಇಳಿಯಲು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಮಾರ್ಪಡಿಸಿದ್ದು 1970ರ ದಶಕದಲ್ಲಿ. ಸುಮಾರು ಅದೇ ಕಾಲದಲ್ಲಿ ಇಂಗ್ಲೆಂಡಿನ ಜೆಫ್ ಆಪ್ಸ್ ಕೆಸರು ದಾರಿಗೆ ಒಗ್ಗುವ ಬೇರೆಯೇ ಬಗೆಯ ಸೈಕಲ್ ರೂಪಿಸುತ್ತಿದ್ದರು. 1980ರ ದಶಕದಲ್ಲಿ ಮೌಂಟನ್ ಬೈಕ್ ಬ್ರಿಟನ್ನಿನ ಅಂಗಡಿಗಳಿಗೆ ಬಂದಾಗ ಕಾನೂನು ಮೊದಲೇ ಸಿದ್ಧವಾಗಿತ್ತು. ಶಾಂತವಾಗಿ ಸುತ್ತಾಡುವ ಪ್ರವಾಸಿಗರನ್ನು ಮನಸ್ಸಿನಲ್ಲಿಟ್ಟು ಬರೆದ ಕಲಮಿನ ನೆರಳಿನಲ್ಲಿ ಸಾವಿರಾರು ಹೊಸ ಸವಾರರು ಗುಡ್ಡಗಳಿಗೆ ಬಂದರು.

ತಕರಾರುಗಳೂ ಬಂದವು. ಹಿಂದಿನಿಂದ ಸದ್ದಿಲ್ಲದೆ ಬರುವ ಸೈಕಲ್ಲಿಗೆ ಕುದುರೆ ಬೆದರುತ್ತದೆ; ಮಳೆಗಾಲದಲ್ಲಿ ಚಕ್ರಗಳು ದಾರಿ ಕೊರೆಯುತ್ತವೆ; ಪಾದಚಾರಿಯ ನೆಮ್ಮದಿ ಕೆಡುತ್ತದೆ ಎಂಬುವು ಅವುಗಳಲ್ಲಿ ಮುಖ್ಯ. ಆದರೆ ಕಾಲಕ್ರಮದಲ್ಲಿ ಕುದುರೆಯವರೂ ಸೈಕಲ್ಲಿನವರೂ ಅನೇಕ ಕಡೆ ಒಂದೇ ಪಕ್ಷವಾದರು. 1986ರಲ್ಲಿ ಮೇರಿ ಟೌನ್ಲಿ ಎಂಬ ಮಹಿಳೆ ನಾರ್ಥಂಬರ್ಲೆಂಡಿನಿಂದ ಡರ್ಬಿಶೈರ್‌ವರೆಗೆ ಕುದುರೆಯ ಮೇಲೆ ಪ್ರಯಾಣಿಸಿ ಕುದುರೆ ದಾರಿಗಳ ದುಃಸ್ಥಿತಿಯತ್ತ ಗಮನ ಸೆಳೆದರು. ಅದರಿಂದ ಚಿಗುರಿದ ಪೆನ್ನೈನ್ ಬ್ರೈಡಲ್‌ವೇಯಲ್ಲಿ ಇಂದು ಕುದುರೆಗಳಷ್ಟೇ ಸೈಕಲ್ಲುಗಳಿಗೂ ಸ್ವಾಗತವಿದೆ.

ಉಳಿದ ಪ್ರಶ್ನೆ

ಇಷ್ಟಾದರೂ ಇಂಗ್ಲೆಂಡಿನ ಸಾರ್ವಜನಿಕ ದಾರಿಗಳ ಒಟ್ಟು ಉದ್ದದಲ್ಲಿ ಸೈಕಲ್ಲಿಗೆ ತೆರೆದಿರುವುದು ಸುಮಾರು ಐದನೇ ಒಂದು ಭಾಗ ಮಾತ್ರ. ರಿಜ್‌ವೇ ಎಂಬ ಪ್ರಾಚೀನ ದಾರಿಯೇ ಇದಕ್ಕೆ ನಿದರ್ಶನ. 87 ಮೈಲಿಯ ಈ ದಾರಿಯ ಪಶ್ಚಿಮದ ಅರ್ಧ ಸೈಕಲ್ಲಿಗೆ ಮುಕ್ತ. ಥೇಮ್ಸ್ ನದಿ ದಾಟಿ ಪೂರ್ವಕ್ಕೆ ಹೋದರೆ ಹೆಚ್ಚಿನ ಭಾಗ ಕಾಲುದಾರಿ. ಬೆಟ್ಟ, ಬಯಲುಗಳಲ್ಲಿ ಮುಕ್ತವಾಗಿ ಅಲೆಯುವ ಹಕ್ಕು ನೀಡಿದ 2000ದ ಕಾಯ್ದೆ ಕೂಡ ಕಾಲ್ನಡಿಗೆಗಷ್ಟೇ ಸೀಮಿತ. ನೆರೆಯ ಸ್ಕಾಟ್ಲೆಂಡ್ 2003ರಲ್ಲಿ ಬೇರೆ ಹಾದಿ ಹಿಡಿಯಿತು. ಜವಾಬ್ದಾರಿಯಿಂದ ನಡೆದುಕೊಳ್ಳುವುದಾದರೆ ಸೈಕಲ್ಲಿಗೂ ಅಲ್ಲಿ ಹೆಚ್ಚಿನ ನೆಲ ಮುಕ್ತ.

2000ದ ಕಾಯ್ದೆಯಲ್ಲಿ ಇನ್ನೊಂದು ಗಂಡಾಂತರವಿತ್ತು. 1949ಕ್ಕಿಂತ ಹಿಂದಿನ ಯಾವುದೇ ದಾರಿ 2026ರ ಜನವರಿ 1ರೊಳಗೆ ಅಧಿಕೃತ ನಕ್ಷೆಗೆ ಸೇರದಿದ್ದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಅದರ ಮೇಲಿನ ಹಕ್ಕು ಅಳಿದುಹೋಗುತ್ತದೆ ಎಂದು ಅದು ಹೇಳಿತ್ತು. ಸ್ವಯಂಸೇವಕರು ಹಳೆಯ ನಕ್ಷೆಗಳನ್ನು, ಬೇಲಿ ಹಾಕಿದ ಆದೇಶಪತ್ರಗಳನ್ನು ಹುಡುಕತೊಡಗಿದರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 49,000 ಮೈಲಿಗೂ ಹೆಚ್ಚು ದಾರಿ ನಕ್ಷೆಯಿಂದ ಹೊರಗುಳಿದಿರಬಹುದೆಂದು ರ‍್ಯಾಂಬ್ಲರ್ಸ್ ಎಂಬ ಪಾದಚಾರಿಗಳ ಸಂಸ್ಥೆ 2020ರಲ್ಲಿ ಅಂದಾಜಿಸಿತು. 2023ರಲ್ಲಿ ಇಂಗ್ಲೆಂಡಿನ ಮಟ್ಟಿಗೆ ಗಡುವು 2031ಕ್ಕೆ ಮುಂದೂಡಲ್ಪಟ್ಟಿತು. ಗಡುವನ್ನೇ ರದ್ದುಪಡಿಸುವುದಾಗಿ 2024ರ ಡಿಸೆಂಬರ್‌ನಲ್ಲಿ ಸರ್ಕಾರ ಘೋಷಿಸಿತು.

ಹೊಲ ಕಳೆದುಕೊಂಡ ಹಳ್ಳಿಗರಿಗೆ ಅಂದು ಉಳಿದದ್ದು ದಾರಿಯೊಂದೇ. ಅವರನ್ನು ಹೊರಗಟ್ಟಿದ ಕಾಗದಗಳೇ ಇಂದು ಅದೇ ದಾರಿಯ ಪರವಾಗಿ ಸಾಕ್ಷಿ ಹೇಳುತ್ತಿವೆ. ಮುಂದಿನ ಕವಲಿನಲ್ಲಿ ಸೈಕಲ್ ಸವಾರನಿಗೆ ನೀಲಿ ಬಾಣ ಕಾಣುವುದೋ ಹಳದಿ ಬಾಣ ಕಾಣುವುದೋ ಎಂಬುದು ಯಾವುದೋ ಕಚೇರಿಯ ಕಪಾಟಿನಲ್ಲಿ ಧೂಳು ಹಿಡಿದಿರುವ ಆ ಕಾಗದದಲ್ಲಿದೆ.