ಇಲ್ಲಿ ಬೆಳೆಯದ ವಸ್ತುವಿಗೆ ಸುಂಕವೇಕೆ?: ಕುದುರೆ, ರೇಷ್ಮೆ, ಕಲ್ಲಿದ್ದಲು

ಕನ್ನಡ ಸಾಹಿತ್ಯ ಓದೋಳು ಸುಂಕದ ಬಗ್ಗೆ ಯಾಕೆ ಮಾತಾಡ್ತಾಳೆ ಅಂತ ಕೆಲವರು ಮೊದಲೇ ಕೇಳಿದ್ರು. ಶಾಸನ ಓದಿದವರಿಗೆ ಈ ಪ್ರಶ್ನೆ ಬರಬಾರದು. ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ತೆರಿಗೆಯ ಹೆಸರುಗಳಿಲ್ಲದೆ ಕಲ್ಯಾಣ ಚಾಲುಕ್ಯರ ಶಾಸನಗಳ ಪಾಠ ಮುಗಿಯುವುದಿಲ್ಲ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಸುಂಕದ ಬಂಕಣ್ಣನೂ ಒಬ್ಬ. ಕಾಯಕದ ಹೆಸರೇ ಅವನ ಹೆಸರಿಗೆ ಅಂಟಿಕೊಂಡಿದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅನ್ನುವ ಗಾದೆಯನ್ನು ನಾವೆಲ್ಲ ಕೇಳಿ ಬೆಳೆದಿದ್ದೇವೆ.

ಇನ್ನೊಂದು ಕಾರಣ ನನ್ನದೇ. ನಾನು ರಾಯದುರ್ಗದ ಕಡೆಯ ಓಬಳಾಪುರದವಳು. ಅಮ್ಮನ ತವರು ಮಡಕಶಿರಾ ಕಡೆ. ಎರಡೂ ಆಂಧ್ರದಲ್ಲಿವೆ, ಎರಡೂ ಮನೆಗಳಲ್ಲಿ ಮಾತು ಕನ್ನಡ. ಒಂದೂರಿನ ಸುತ್ತ ಕಬ್ಬಿಣದ ಅದಿರು, ಇನ್ನೊಂದೂರಿನ ಸುತ್ತ ರೇಷ್ಮೆ. ದೆಹಲಿಯಲ್ಲಿ ಸುಂಕದ ಒಂದು ಅಂಕಿ ಬದಲಾದರೆ ಎರಡೂ ಕಡೆ ಗೊತ್ತಾಗುತ್ತೆ.

ಇವತ್ತಿನ ಪ್ರಶ್ನೆ ನೋಡೋಕೆ ಸುಲಭ. ಒಂದು ವಸ್ತು ನಮ್ಮಲ್ಲಿ ತಯಾರೇ ಆಗುವುದಿಲ್ಲ ಎಂದರೆ ಅದರ ಆಮದಿಗೆ ಸುಂಕ ಯಾಕೆ? ಕಾಪಾಡಲು ಇಲ್ಲಿ ಉತ್ಪಾದಕನೇ ಇಲ್ಲ, ಹೊರೆ ಬೀಳುವುದು ಕೊಳ್ಳುವವನ ಮೇಲೆ ಮಾತ್ರ. ಆದ್ದರಿಂದ ತೆಗೆದುಹಾಕಿ, ಎನ್ನುತ್ತದೆ ವಾದ. ಈ ವಾದವನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಆದರೆ 'ಇಲ್ಲಿ ತಯಾರಾಗುವುದಿಲ್ಲ' ಎನ್ನುವ ಮಾತನ್ನು ಯಾರು, ಯಾವ ವರ್ಷ, ಯಾವ ದರ್ಜೆಯ ಸರಕನ್ನು ನೋಡಿ ಹೇಳಿದರು ಎಂದು ಕೇಳದೆ ಮುಂದೆ ಹೋಗಬಾರದು ಎಂಬುದು ನನ್ನ ವಾದ.

ಮೊದಲು ಕುದುರೆಯನ್ನು ನೋಡೋಣ. ಕೃಷ್ಣದೇವರಾಯನ ತೆಲುಗು ಕಾವ್ಯ 'ಆಮುಕ್ತಮಾಲ್ಯದ'ದ ರಾಜನೀತಿಯ ಭಾಗದಲ್ಲಿ ಒಂದು ಸಲಹೆಯಿದೆ. ಕುದುರೆ, ಆನೆ, ರತ್ನ, ಗಂಧ, ಮುತ್ತು ಸಲೀಸಾಗಿ ಬರುವಂತೆ ರಾಜ ಬಂದರುಗಳನ್ನು ಸುಧಾರಿಸಬೇಕು ಎಂಬುದು ಅದರ ಆಶಯ. ಇದಕ್ಕೂ ಹಿಂದೆ, 1244ರ ಮೋಟುಪಲ್ಲಿ ಶಾಸನದಲ್ಲಿ ಕಾಕತೀಯ ಗಣಪತಿದೇವ ಸಮುದ್ರ ವ್ಯಾಪಾರಿಗಳಿಗೆ ಅಭಯ ಕೊಟ್ಟ. ಒಡೆದ ಹಡಗಿನ ಸರಕನ್ನು ಹಿಂದಿನ ಅರಸರ ಹಾಗೆ ಕಿತ್ತುಕೊಳ್ಳುವುದಿಲ್ಲ, ಗೊತ್ತಾದ ಸುಂಕ ಮಾತ್ರ ತೆಗೆದುಕೊಳ್ಳುತ್ತೇನೆ ಎಂದ. ದರ ಮೂವತ್ತಕ್ಕೆ ಒಂದು. ಹೊರಗಿನಿಂದ ಬರಲೇಬೇಕಾದ ಸರಕಿಗೆ ದಾರಿ ಸುಗಮವಾಗಿರಬೇಕು ಎಂಬ ತಿಳಿವಳಿಕೆ ನಮ್ಮ ಅರಸರಿಗೆ ಹೊಸದಲ್ಲ.

ವಿಜಯನಗರ ಇದನ್ನು ಇನ್ನೂ ಮುಂದಕ್ಕೆ ಒಯ್ದಿತು. ಪೋರ್ಚುಗೀಸ್ ಬರಹಗಾರ ನೂನಿಜ್ ಹೇಳುವ ಪ್ರಕಾರ ಸಾಳುವ ನರಸಿಂಹ ಓರ್ಮುಜ್, ಏಡನ್‌ಗಳಿಂದ ಕುದುರೆ ತರಿಸುತ್ತಿದ್ದ. ಸಾವಿರ ಪರ್ದಾವ್‌ಗೆ ಮೂರರಂತೆ ಕೊಳ್ಳುತ್ತಿದ್ದ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ದುಡ್ಡು ಕೊಡುತ್ತಿದ್ದನಂತೆ. ಸುಂಕ ಬಿಡುವುದು ಹಾಗಿರಲಿ, ವ್ಯಾಪಾರಿಯ ನಷ್ಟವನ್ನೂ ಬೊಕ್ಕಸವೇ ತುಂಬಿಕೊಟ್ಟ ಹಾಗಾಯ್ತು.

ಇದರ ಫಲವೇನು? ಕುದುರೆ ಬಂತು, ನಿಜ. ಆದರೆ 1510ರಲ್ಲಿ ಗೋವೆ ಪೋರ್ಚುಗೀಸರ ಕೈಗೆ ಹೋದ ಮೇಲೆ ಕುದುರೆಯ ಕೀಲಿಕೈಯೂ ಅವರ ಕೈಗೆ ಹೋಯಿತು. 1547ರಲ್ಲಿ ಸದಾಶಿವರಾಯನ ಆಳ್ವಿಕೆಯಲ್ಲಿ ಆದ ಒಪ್ಪಂದದ ಒಂದು ಮುಖ್ಯ ಷರತ್ತೇ ಗೋವೆಯ ಕುದುರೆಗಳು ಬಿಜಾಪುರಕ್ಕೆ ಹೋಗದೆ ವಿಜಯನಗರಕ್ಕೆ ಬರಬೇಕು ಎಂಬುದು. ದಖ್ಖನಿನಲ್ಲಿ ಕುದುರೆಯೇ ಇರಲಿಲ್ಲವೆ? ಇತ್ತು. ಸೈನ್ಯಕ್ಕೆ ಬೇಕಾದ ದರ್ಜೆಯದು ಇರಲಿಲ್ಲ, ಅಷ್ಟೇ. ಮುಂದೆ ಮರಾಠರ ಕಾಲದಲ್ಲಿ ಭೀಮಾ ನದಿಯ ಸೀಮೆಯ ಭೀಮಥಡಿ ತಳಿ ಇದೇ ನೆಲದ ಮೇಲೆ ಯುದ್ಧದ ಕುದುರೆಯಾಯಿತು. 'ಇಲ್ಲಿ ಆಗುವುದಿಲ್ಲ' ಎನ್ನುವುದು ಒಂದು ಕಾಲದ ಮಾತು, ಎಲ್ಲ ಕಾಲದ ಮಾತಲ್ಲ.

ಈಗ ರೇಷ್ಮೆಗೆ ಬರ್ತೀನಿ. ಮೈಸೂರು ಸೀಮೆಗೆ ರೇಷ್ಮೆ ಸಾಕಣೆ ಬಂದಿದ್ದೇ 1780ರ ದಶಕದಲ್ಲಿ, ಟಿಪ್ಪು ಸುಲ್ತಾನನ ಆಸಕ್ತಿಯಿಂದ. ಅದಕ್ಕೂ ಮುಂಚೆ ಯಾರಾದರೂ ಪಟ್ಟಿ ಮಾಡಿದ್ದರೆ 'ಇಲ್ಲಿ ಬೆಳೆಯದ ವಸ್ತು' ಸಾಲಿನಲ್ಲಿ ರೇಷ್ಮೆಯೂ ಇರುತ್ತಿತ್ತು. 1929ರ ಆರ್ಥಿಕ ಕುಸಿತದ ನಂತರ ಚೀನಾ, ಜಪಾನಿನ ಅಗ್ಗದ ನೂಲು ಬಂದು ಬಿದ್ದಾಗ ಭಾರತದ ಸುಂಕ ಮಂಡಳಿ ವಿಚಾರಣೆ ನಡೆಸಿತು. 1934ರಲ್ಲಿ ರಕ್ಷಣೆಯ ಸುಂಕ ಬಂತು. 1949ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ಸ್ಥಾಪನೆಯಾಯಿತು.

ನಿಜವಾದ ಜಗಳ ಶುರುವಾಗುವುದು ದರ್ಜೆಯಲ್ಲಿ. ನಮ್ಮ ಕಡೆ ಹೆಚ್ಚಾಗಿ ಬೆಳೆಯುತ್ತಿದ್ದದ್ದು ಮಿಶ್ರತಳಿ ಗೂಡು. ಅದರ ನೂಲು ಹೊಕ್ಕಿಗೆ ಸರಿ. ಆದರೆ ಹಾಸಿಗೆ ಸಮನಾದ, ಗಟ್ಟಿಯಾದ ನೂಲು ಬೇಕು. ಅದು ಬರುವುದು ದ್ವಿತಳಿ ಗೂಡಿನಿಂದ, ಮತ್ತು ಅದನ್ನು ರಾಶಿರಾಶಿ ಕೊಡುತ್ತಿದ್ದದ್ದು ಚೀನಾ. 2003ರಲ್ಲಿ ಚೀನಾ ರೇಷ್ಮೆಯ ಮೇಲೆ ಆ್ಯಂಟಿ ಡಂಪಿಂಗ್ ಸುಂಕ ಹಾಕಿದಾಗಲೂ ಅದು 2ಎ ಮತ್ತು ಅದಕ್ಕಿಂತ ಕೆಳಗಿನ ದರ್ಜೆಗೆ ಮಾತ್ರ. ಮೇಲಿನ ದರ್ಜೆ ಹೊರಗುಳಿಯಿತು.

2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ. 30ರಿಂದ ಒಂದೇ ಏಟಿಗೆ ಶೇ. 5ಕ್ಕೆ ಇಳಿಯಿತು. ನೂಲಿನ ಬೆಲೆ ಏರಿ ನೇಕಾರರು ಕಷ್ಟದಲ್ಲಿದ್ದರು ಎಂಬುದು ಸುಳ್ಳಲ್ಲ. ಆದರೆ ಗೂಡಿನ ಬೆಲೆ ಬಿತ್ತು. ನಾನಾಗ ಪ್ರೈಮರಿ ಶಾಲೆಯಲ್ಲಿದ್ದೆ. ರಜೆಗೆ ಮಾವನ ಮನೆಗೆ ಹೋದಾಗ ಹುಳದ ಮನೆ ಖಾಲಿ ಇತ್ತು, ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿದ್ದರು. ಹಿಂದೂಪುರದ ಮಾರುಕಟ್ಟೆಯಿಂದ ಬಂದ ದುಡ್ಡು ಸೊಪ್ಪಿನ ಕೂಲಿಗೂ ಸಾಲಲಿಲ್ಲ ಅಂತ ಅಜ್ಜಿ ಹೇಳ್ತಿದ್ದರು. ಮಾವ ಹಿಪ್ಪುನೇರಳೆ ಕಿತ್ತು ಕಡ್ಲೇಕಾಯಿ ಹಾಕಿದ್ದ. ಅವತ್ತು ನನಗೆ ಅರ್ಥವಾಗದ್ದು ಈಗ ಅರ್ಥವಾಗುತ್ತೆ. ಬೇಕಾದಷ್ಟು ಇಲ್ಲಿ ಬೆಳೆಯುವುದಿಲ್ಲ ಎಂಬ ಕಾರಣಕ್ಕೆ ಸುಂಕ ಇಳಿಸಿದರು. ಇಳಿಸಿದ ಮೇಲೆ ಬೆಳೆಯುವವರು ಇನ್ನೂ ಒಬ್ಬರು ಕಡಿಮೆಯಾದರು.

2013ರಲ್ಲಿ ಸುಂಕವನ್ನು ಶೇ. 15ಕ್ಕೆ ಏರಿಸಿದರು. ಮುಂದೆ ಅದು ಶೇ. 10ಕ್ಕೆ ಇಳಿದು, 2021ರ ಬಜೆಟ್ಟಿನಲ್ಲಿ ಮತ್ತೆ ಶೇ. 15 ಆಯಿತು. ಈ ನಡುವೆ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆಯುತ್ತಿತ್ತು. 1991ರಿಂದ ಜಪಾನಿನ ಸಹಕಾರದಲ್ಲಿ ಕರ್ನಾಟಕ, ಆಂಧ್ರ, ತಮಿಳುನಾಡುಗಳಲ್ಲಿ ದ್ವಿತಳಿ ಯೋಜನೆ ಶುರುವಾಗಿತ್ತು. ಮೈಸೂರಿನ ಸಂಶೋಧನಾ ಸಂಸ್ಥೆ ನಮ್ಮ ಬಿಸಿಲಿಗೆ ಒಗ್ಗುವ ದ್ವಿತಳಿ ಸಂಕರಗಳನ್ನು ರೂಪಿಸಿತು. ಆಮೇಲೆ ಸ್ವಯಂಚಾಲಿತ ನೂಲು ಬಿಚ್ಚಾಣಿಕೆ ಯಂತ್ರಗಳು ಬಂದವು. ಇವತ್ತು 3ಎ ದರ್ಜೆಯ ನೂಲು ಇಲ್ಲೇ ತಯಾರಾಗುತ್ತಿದೆ. ಅಂದು 'ಇಲ್ಲ' ಪಟ್ಟಿಯಲ್ಲಿದ್ದದ್ದು ಇಂದು 'ಇದೆ, ಆದರೆ ಸಾಲದು' ಪಟ್ಟಿಗೆ ಬಂದಿದೆ.

ಹಾಗಾದರೆ ಯಾವ ಸುಂಕವನ್ನೂ ತೆಗೆಯಬಾರದೆ? ಇಲ್ಲಿ ನಮ್ಮ ಓಬಳಾಪುರದ ಕಡೆ ತಿರುಗಬೇಕು. ಅದಿರು ನಮ್ಮ ಸೀಮೆಯ ಗುಡ್ಡಗಳಲ್ಲಿದೆ, ಉಕ್ಕಿನ ಕುಲುಮೆಗಳು ಗಡಿಯಾಚೆ ತೋರಣಗಲ್ಲಿನಲ್ಲಿವೆ. ಆದರೆ ಅದಿರೊಂದರಿಂದಲೇ ಉಕ್ಕಾಗುವುದಿಲ್ಲ, ಕೋಕಿಂಗ್ ಕಲ್ಲಿದ್ದಲು ಬೇಕು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಹೆಚ್ಚು. ಹಾಗಾಗಿ ಕೋಕಿಂಗ್ ಕಲ್ಲಿದ್ದಲಿನ ಬಹುಪಾಲು ಹಡಗಿನಲ್ಲೇ ಬರುತ್ತೆ, ಮುಖ್ಯವಾಗಿ ಆಸ್ಟ್ರೇಲಿಯಾದಿಂದ. 2022ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಅದರ ಶೇ. 2.5 ಸುಂಕವನ್ನು ಪೂರ್ತಿ ತೆಗೆಯಿತು. ಅದೇ ಆದೇಶಗಳ ಜೊತೆ ಅದಿರಿನ ರಫ್ತು ಸುಂಕವನ್ನು ಶೇ. 50ಕ್ಕೆ ಏರಿಸಿತು. ಆರು ತಿಂಗಳಿಗೆ, ನವೆಂಬರಿನಲ್ಲಿ, ಎರಡನ್ನೂ ಹಿಂದಕ್ಕೆ ಪಡೆಯಿತು.

ಕೋಕಿಂಗ್ ಕಲ್ಲಿದ್ದಲಿನ ವಿಷಯದಲ್ಲಿ ಸುಂಕ ಬೇಡ ಎನ್ನುವವರ ಜೊತೆ ನಾನಿದ್ದೇನೆ. ನೆಲದಡಿಯ ಕಲ್ಲಿದ್ದಲಿನ ಗುಣವನ್ನು ತಳಿ ಬದಲಿಸಿದ ಹಾಗೆ ಬದಲಿಸಲಾಗುವುದಿಲ್ಲ. ಸುಂಕ ಬಿಟ್ಟರೆ ಹುಳದ ಮನೆ ಖಾಲಿ ಮಾಡುವ ಮಾವ ಅಲ್ಲಿ ಯಾರೂ ಇಲ್ಲ. ರೇಷ್ಮೆಯಲ್ಲಿ ಇದ್ದಾನೆ. ಎರಡನ್ನೂ 'ದೇಶದಲ್ಲಿ ಸಿಗದ ವಸ್ತು' ಎಂಬ ಒಂದೇ ಹೆಸರಿನಲ್ಲಿ ಕರೆದರೆ ಲೆಕ್ಕ ತಪ್ಪುತ್ತೆ. ನೆಲದ ಗುಣದಿಂದಲೇ ಸಿಗದ್ದು ಬೇರೆ, ಕಲಿತು ಬೆಳೆಯಬಹುದಾದದ್ದು ಬೇರೆ. ಮೊದಲನೆಯದಕ್ಕೆ ಸುಂಕ ತೆಗೆಯಲಿ. ಎರಡನೆಯದನ್ನು ದರ್ಜೆ ನೋಡಿ, ಮುಂಚೆಯೇ ತಿಳಿಸಿ, ಹಂತಹಂತವಾಗಿ ಮಾಡಲಿ. ಹಿಪ್ಪುನೇರಳೆ ನೆಟ್ಟವನಿಗೆ ಅದು ಹಲವು ವರ್ಷದ ಬೆಳೆ. ಬಜೆಟ್ ಭಾಷಣಕ್ಕೆ ಒಂದು ಬೆಳಗ್ಗೆ ಸಾಕು.

ಚರ್ಚೆಯಲ್ಲಿ ಬಂದ ಒಂದು ಪ್ರಶ್ನೆಯನ್ನು ಇಲ್ಲಿ ಸೇರಿಸಲೇಬೇಕು. ನಮ್ಮದೇ ಸೀಮೆಯ ಧರ್ಮವರಂ ನೇಕಾರರು ಏನು ಮಾಡಬೇಕು, ನಿಮ್ಮ ಮಾವನ ಗೂಡಿಗೆ ಬೆಲೆ ಬರಲಿ ಅಂತ ಅವರು ದುಬಾರಿ ನೂಲು ಕೊಳ್ಳಬೇಕೆ ಎಂದು ಗುರುಗಳೊಬ್ಬರು ಕೇಳಿದರು. ನನ್ನ ವಾದದ ಬಲಹೀನ ಜಾಗ ಇದೇ. ಧರ್ಮವರಂ, ಮಡಕಶಿರಾ ಎರಡೂ ಹಳೆಯ ಅನಂತಪುರ ಜಿಲ್ಲೆಯ ಊರುಗಳು. ಸುಂಕ ಒಬ್ಬರನ್ನು ಉಳಿಸಿದರೆ ಇನ್ನೊಬ್ಬರ ಕೈ ಕಟ್ಟುತ್ತೆ. ಶಾಸನಗಳಲ್ಲಿ ಸುಂಕವನ್ನು ದೇವಾಲಯಕ್ಕೋ ಕೆರೆಗೋ ಬಿಟ್ಟುಕೊಟ್ಟಾಗ ಯಾವ ಸುಂಕ, ಯಾರಿಗೆ, ಯಾವ ಕೆಲಸಕ್ಕೆ ಎಂದು ಕಲ್ಲಿನ ಮೇಲೆ ಬರೆಸುತ್ತಿದ್ದರು. ನಾನು ಕೇಳುವುದೂ ಅಷ್ಟೇ. ರೇಷ್ಮೆ ಸುಂಕದಿಂದ ಬಂದ ಹಣದಲ್ಲಿ ಇಷ್ಟು ನೇಕಾರರ ನೂಲಿನ ರಿಯಾಯಿತಿಗೆ, ಇಷ್ಟು ಬಿಚ್ಚಾಣಿಕೆ ಯಂತ್ರಕ್ಕೆ ಎಂದು ಬರೆದು ತೋರಿಸಲಿ. ಬರೆದು ತೋರಿಸಲಾಗದಿದ್ದರೆ ಆ ಸುಂಕವನ್ನು ಸಮರ್ಥಿಸುವ ಹಕ್ಕು ನನಗೂ ಇಲ್ಲ.