ಕಂಬಳಿಯ ಬಿಸಿ ಯಾರದು?

ಕಂಬಳಿ ಬೆಚ್ಚಗಿರುತ್ತದೆ ಎಂದು ನಾವೆಲ್ಲರೂ ಹೇಳುತ್ತೇವೆ. ಮಾತು ರೂಢಿಯದು, ಆದರೆ ನಿಜವಲ್ಲ. ಮಾಗಿಯ ರಾತ್ರಿ ಮೂಲೆಯಲ್ಲಿ ಮಡಿಸಿಟ್ಟ ಕಂಬಳಿ, ಅದಿರುವ ಕೋಣೆಗಿಂತ ಒಂದಿಷ್ಟೂ ಬಿಸಿಯಾಗಿರುವುದಿಲ್ಲ. ಹೊದ್ದ ಮೇಲೆ ಅದಕ್ಕೆ ಬಿಸಿ ಬರುವುದು ನಮ್ಮಿಂದಲೇ. ನಾವು ಕೊಟ್ಟದ್ದನ್ನು ಅದು ಬೇಗನೆ ಹೊರಗೆ ಹೋಗಗೊಡದೆ ತಡೆದುಕೊಳ್ಳುತ್ತದೆ, ಅಷ್ಟೆ. ಇಷ್ಟು ಸರಳವಾದ ಸಂಗತಿಯ ಮರ್ಮವನ್ನು ಅಳೆದು ತೋರಿಸಿದವನ ಚರಿತ್ರೆ ಮಾತ್ರ ಅಷ್ಟು ಸರಳವಾದುದಲ್ಲ.

ಆತನ ಹೆಸರು ಬೆಂಜಮಿನ್ ಥಾಮ್ಸನ್. ಹುಟ್ಟಿದ್ದು 1753ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ. ಅಲ್ಲಿಯ ಸ್ವಾತಂತ್ರ್ಯ ಸಮರದಲ್ಲಿ ಇಂಗ್ಲೆಂಡಿನ ಪಕ್ಷ ಹಿಡಿದು, ತಾಯ್ನಾಡನ್ನು ತೊರೆದು, ಕಡೆಗೆ ಬವೇರಿಯಾದ ದೊರೆಯ ಸೇವೆಗೆ ಸೇರಿದ. ಮುಂದೆ ಕೌಂಟ್ ರಮ್‌ಫರ್ಡ್ ಎಂದು ಹೆಸರಾದವನು ಇವನೇ. ದೊರೆಯ ಸೈನ್ಯಕ್ಕೆ ಉಡುಪು ಒದಗಿಸುವ ಹೊಣೆ ಇವನ ಮೇಲೆ ಬಿತ್ತು. ಖರ್ಚು ತಗ್ಗಬೇಕು; ಸೈನಿಕ ಚಳಿಯಲ್ಲಿ ನಡುಗಲೂ ಬಾರದು. 1790ರ ಜನವರಿ 1ರಂದು ಆತ ಮ್ಯೂನಿಕ್ ನಗರದ ಭಿಕ್ಷುಕರನ್ನು ಹಿಡಿಸಿ, ಕೆಲಸದ ಮನೆಯೊಂದಕ್ಕೆ ಸೇರಿಸಿದ. ಅಲ್ಲಿ ಅವರಿಗೆ ಬಿಸಿ ಊಟವುಂಟು; ಪ್ರತಿಯಾಗಿ ಅವರು ನೂಲಬೇಕು, ನೇಯಬೇಕು, ಸೈನಿಕರ ಬಟ್ಟೆ ಹೊಲಿಯಬೇಕು. ಇದನ್ನು ಕರುಣೆಯೆನ್ನೋಣವೇ, ದರ್ಪವೆನ್ನೋಣವೇ? ಎರಡೂ ಇದ್ದವೆಂದೇ ತೋರುತ್ತದೆ. ಬಿಸಿಯ ಶಾಸ್ತ್ರ ಬೆಳೆದದ್ದು ಇಂಥ ಬಡವರ ಚಳಿಯ ನೆರೆಯಲ್ಲಿ ಎಂಬುದನ್ನು ಮರೆಯಬಾರದು.

ಯಾವ ಬಟ್ಟೆ ಹೆಚ್ಚು ಬೆಚ್ಚಗೆ ಎಂದು ತಿಳಿಯಲು ರಮ್‌ಫರ್ಡ್ ಹೂಡಿದ ಉಪಾಯ ಸೊಗಸಾಗಿದೆ. ಗಾಜಿನ ಬುರುಡೆಯೊಳಗೆ ಉಷ್ಣಮಾಪಕವನ್ನಿಟ್ಟು, ಅದರ ಸುತ್ತ ಒಮ್ಮೆ ಉಣ್ಣೆ, ಒಮ್ಮೆ ಹತ್ತಿ, ಒಮ್ಮೆ ರೇಷ್ಮೆ, ಒಮ್ಮೆ ಮೊಲದ ರೋಮ, ಹೀಗೆ ಸಮತೂಕದಲ್ಲಿ ತುಂಬಿದ. ಕುದಿಯುವ ನೀರಿನಲ್ಲಿ ಕಾಯಿಸಿ, ಮಂಜುಗಡ್ಡೆಯ ನೀರಿಗಿಳಿಸಿ, ತಣಿಯಲು ಹಿಡಿಯುವ ಹೊತ್ತನ್ನು ಎಣಿಸಿದ. ಮೊಲದ ರೋಮವೂ ಹಕ್ಕಿಯ ನವುರಾದ ತುಪ್ಪುಳವೂ ಬಹಳ ಹೊತ್ತು ಬಿಸಿಯನ್ನು ಹಿಡಿದವು. ಉಣ್ಣೆ ಅವಕ್ಕಿಂತ ಕಡಿಮೆ, ಹತ್ತಿ ಇನ್ನೂ ಕಡಿಮೆ. ಅದೇ ರೇಷ್ಮೆಯನ್ನು ಬಿಗಿಯಾದ ನೂಲಾಗಿ ಸುತ್ತಿದರೆ ಬಿಸಿ ಬೇಗ ಸೋರಿಹೋಯಿತು. ಹಾಗಾದರೆ ಕಾಯುವುದು ಎಳೆಯಲ್ಲ. ಎಳೆಗಳ ನಡುವೆ ಸಿಕ್ಕಿಕೊಂಡು ಅಲುಗದೆ ನಿಂತ ಗಾಳಿ! 1792ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವನಿಗೆ ಕಾಪ್ಲಿ ಪದಕವನ್ನಿತ್ತಿತು.

ಆದರೆ ಶಾಖಕ್ಕೆ ಇನ್ನೊಂದು ದಾರಿಯೂ ಉಂಟು. ಗಾಳಿಯ ಹಂಗಿಲ್ಲದೆ ಅದು ಕಿರಣವಾಗಿಯೂ ಹೊರಡುತ್ತದೆ. 1804ರಲ್ಲಿ ರಮ್‌ಫರ್ಡ್ ಪ್ರಕಟಿಸಿದ ಪ್ರಯೋಗಗಳಲ್ಲೊಂದು ಕೇಳಿದವರನ್ನು ಬೆರಗುಗೊಳಿಸಬೇಕು. ಬಿಸಿನೀರು ತುಂಬಿದ ಎರಡು ಹಿತ್ತಾಳೆಯ ಪಾತ್ರೆಗಳಲ್ಲಿ ಒಂದಕ್ಕೆ ತೆಳುವಾದ ನಾರುಬಟ್ಟೆ ತೊಡಿಸಿದ. ಇನ್ನೊಂದನ್ನು ಥಳಥಳಿಸುವಂತೆ ಉಜ್ಜಿ ಬರಿದೇ ಬಿಟ್ಟ. ಬಟ್ಟೆ ತೊಟ್ಟದ್ದೇ ಮೊದಲು ತಣಿಯಿತು! ಹೊಳೆಯುವ ಲೋಹ ಶಾಖದ ಕಿರಣವನ್ನು ಹೊರಬಿಡುವುದರಲ್ಲಿ ಬಲು ಜಿಪುಣ. 1799ರಲ್ಲಿ ಅವನೇ ಮುಂದಾಗಿ ಕಟ್ಟಿದ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿಯೇ 1892ರಲ್ಲಿ ಜೇಮ್ಸ್ ಡಿವಾರ್ ನಿರ್ವಾತ ಪಾತ್ರೆಯನ್ನು ರೂಪಿಸಿದ. ಬೆಳ್ಳಿಯ ಲೇಪವನ್ನೂ ಪಡೆದ ಆ ಪಾತ್ರೆಯೇ ನಮ್ಮ ಮನೆಯ ಥರ್ಮಾಸ್ ಫ್ಲಾಸ್ಕಿನ ಪೂರ್ವಜ. ಅಲ್ಲಿಂದ ಮುಂದಿನ ಹೆಜ್ಜೆ 1960ರ ದಶಕದ ಅಂತರಿಕ್ಷಯಾನದ್ದು. ತೆಳುವಾದ ಪ್ಲಾಸ್ಟಿಕ್ ಹಾಳೆಯ ಮೇಲೆ ಅಲ್ಯುಮಿನಿಯಂ ಆವಿಯನ್ನು ಕೂರಿಸಿದರು. 1973ರ ಮೇ ತಿಂಗಳಲ್ಲಿ ಕವಚ ಕಳೆದುಕೊಂಡು ಬಿಸಿಲಿಗೆ ಬೇಯುತ್ತಿದ್ದ ಸ್ಕೈಲ್ಯಾಬಿಗೆ ಯಾತ್ರಿಗಳು ಇಂಥ ಹಾಳೆಯದೇ ಕೊಡೆ ಹಿಡಿದರು. ಅಲ್ಲಿ ಶಾಖವನ್ನು ಹೊರಗಿಟ್ಟ ಹಾಳೆ, ಇಲ್ಲಿ ಮಂಜುಬೆಟ್ಟದಲ್ಲಿ ಸಿಕ್ಕಿಕೊಂಡವರ ಮೈಶಾಖವನ್ನು ಒಳಗಿಡುತ್ತದೆ. ಮಡಿಸಿದರೆ ಜೇಬಿನಲ್ಲಿ ಅಡಗುತ್ತದೆ.

ಹಾಗೆಂದು ಕಂಬಳಿಯ ಕಾಲ ಮುಗಿಯಿತೇ? ಇಲ್ಲ. ಆ ಹಾಳೆ ಬೆವರನ್ನು ಹೊರಬಿಡದು. ಮೈಗಂಟಿದರೆ ಅದರ ಗುಣವೂ ಕುಗ್ಗುತ್ತದೆ. ಅದರೊಳಗೆ ಗಾಳಿ ಹಿಡಿಯುವ ಹೊದಿಕೆಯೊಂದು ಇದ್ದೇ ತೀರಬೇಕು. ನಮ್ಮ ದಖನಿ ಕುರಿಯ ಒರಟು ಉಣ್ಣೆಯನ್ನು ಹೆಂಗಸರು ನೂತು, ಹುಣಸೆಬೀಜದ ಗಂಜಿಯಿಂದ ಹದಗೊಳಿಸಿ, ಕುರುಬರು ಗುಂಡಿಮಗ್ಗದಲ್ಲಿ ನೇಯುವ ಕಂಬಳಿ, ರಮ್‌ಫರ್ಡ್ ಕಂಡ ನಿಯಮವನ್ನು ಅವನಿಗಿಂತ ಮೊದಲೇ ಪಾಲಿಸಿಕೊಂಡು ಬಂದಿದೆ. ಮಲೆನಾಡಿನ ಮಳೆಯಲ್ಲಿ ಅದೇ ಕೊಪ್ಪೆ. ನೆನೆದರೂ ಅದು ತನ್ನ ಬೆಚ್ಚನೆಯನ್ನು ಪೂರಾ ಬಿಟ್ಟುಕೊಡುವುದಿಲ್ಲ. ಇಂದು ಆ ಉಣ್ಣೆಗೆ ಕೊಳ್ಳುವವರಿಲ್ಲದೆ, ಕತ್ತರಿಸಿ ಬಿಸಾಡುವ ಕುರಿಗಾಹಿಗಳೂ ಇದ್ದಾರೆ. ಅತ್ತ ಊರೂರಿನ ಬೀದಿಬದಿಯಲ್ಲಿ ಹೊದೆಯಲು ಏನೂ ಇಲ್ಲದೆ ಮಲಗುವವರೂ ಇದ್ದಾರೆ.

ಕಂಬಳಿಯ ಬಿಸಿ ಹೊದ್ದವನದೇ, ನಿಜ. ಆದರೆ ಅದನ್ನು ಕಾಯುವ ಕಂಬಳಿ ಇನ್ನೊಬ್ಬರ ಕೈಯಿಂದ ಬರಬೇಕು. ಈ ಎರಡನೆಯ ಮಾತನ್ನು ತಿಳಿಯಲು ಯಾವ ಉಷ್ಣಮಾಪಕವೂ ಬೇಕಿಲ್ಲ.