ಕಲಬೆರಕೆ ಅಂದ್ರೆ ಎಣ್ಣೆ, ಹಾಲು ಮಾತ್ರನಾ?

1998ರ ಆಗಸ್ಟ್. ಕಾಲು ಊದಿಕೊಂಡು, ಉಸಿರಾಡೋಕೆ ಕಷ್ಟಪಡ್ತಿದ್ದ ಜನ ದೆಹಲಿಯ ಆಸ್ಪತ್ರೆಗಳಿಗೆ ಸಾಲುಗಟ್ಟಿ ಬಂದರು. ಅವರ ಮನೆಯ ಸಾಸಿವೆ ಎಣ್ಣೆಗೆ ಆರ್ಜಿಮೋನ್ ಅನ್ನೋ ಮುಳ್ಳುಗಿಡದ ಬೀಜದ ಎಣ್ಣೆ ಬೆರೆತಿತ್ತು. 60ಕ್ಕೂ ಹೆಚ್ಚು ಜನ ಸತ್ತರು. ದೇಶ ರೊಚ್ಚಿಗೆದ್ದಿತು. ದೆಹಲಿಯಲ್ಲಿ ಸಾಸಿವೆ ಎಣ್ಣೆ ಮಾರಾಟವನ್ನೇ ನಿಲ್ಲಿಸಿದರು. ಉಣ್ಣೋ ಅನ್ನಕ್ಕೆ ವಿಷ ಬಿದ್ದರೆ ಯಾರಿಗೆ ತಾನೇ ಸಿಟ್ಟು ಬರಲ್ಲ?

ಈಗ ನಿಮ್ಮ ಫ್ರಿಜ್ ಮೇಲಿರೋ ಡಬ್ಬಿಗಳನ್ನು ನೋಡಿ. ಪ್ರೋಟೀನ್ ಪೌಡರ್, ಮಲ್ಟಿವಿಟಮಿನ್, ತೂಕ ಇಳಿಸೋ ಕ್ಯಾಪ್ಸೂಲ್. 'ಈಗಿನ ಊಟದಲ್ಲಿ ಸತ್ವ ಎಲ್ಲಿದೆ ಸಾರ್, ಬರೀ ಕೆಮಿಕಲ್ಲು' ಅಂತ ಹೇಳಿಕೊಂಡೇ ನಾವು ಇವನ್ನು ಕೊಂಡಿದ್ದೇವೆ. ಸರಿ, ಡಬ್ಬಿಯೊಳಗೆ ಏನಿದೆ ಅಂತ ಯಾರು ನೋಡಿದ್ರು? ಈ ಪ್ರಶ್ನೆ ಕೇಳೋದು ತಡವಾದದ್ದಕ್ಕೆ ಅಮೆರಿಕ ಹೆಣಗಳನ್ನು ಎಣಿಸಬೇಕಾಯಿತು.

1989ರ ಅಕ್ಟೋಬರ್, ನ್ಯೂ ಮೆಕ್ಸಿಕೊ ರಾಜ್ಯ. ಮೂವರು ಮಹಿಳೆಯರಿಗೆ ತಡೆಯಲಾಗದ ಸ್ನಾಯು ನೋವು. ರಕ್ತದಲ್ಲಿ ಒಂದು ಜಾತಿಯ ಬಿಳಿ ಕಣ ವಿಪರೀತ ಏರಿತ್ತು. ವೈದ್ಯರು ಕೆದಕಿ ನೋಡಿದರೆ ಮೂವರೂ ನುಂಗುತ್ತಿದ್ದದ್ದು ಎಲ್-ಟ್ರಿಪ್ಟೊಫಾನ್. ನಿದ್ದೆ ಬರಲಿ ಅಂತ ಜನ ಅಂಗಡಿಯಲ್ಲಿ ಚೀಟಿ ಇಲ್ಲದೇ ಕೊಳ್ಳುತ್ತಿದ್ದ ಪೂರಕ ಅದು. ಆಲ್ಬುಕರ್ಕಿ ಜರ್ನಲ್ ಪತ್ರಿಕೆಯ ವರದಿಗಾರ್ತಿ ಟಮಾರ್ ಸ್ಟೀಬರ್ ಈ ನಂಟನ್ನು ಬಯಲಿಗೆಳೆದರು. ಮರುವರ್ಷ ಅವರಿಗೆ ಪುಲಿಟ್ಜರ್ ಬಂತು. ಅಷ್ಟರಲ್ಲಿ 1,500ಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದಿದ್ದರು, 30ಕ್ಕೂ ಹೆಚ್ಚು ಜೀವ ಹೋಯಿತು.

ಇಲ್ಲೇ ಇರೋದು ನೋಡಿ ವಿಷಯ. ಟ್ರಿಪ್ಟೊಫಾನ್ ನಾವು ದಿನಾ ತಿನ್ನೋ ಹಾಲು, ಮೊಟ್ಟೆ, ಬೇಳೆಯಲ್ಲೂ ಇದೆ. ಹಾಲು ಕುಡಿದು ಯಾರಿಗೂ ಈ ಕಾಯಿಲೆ ಬರಲಿಲ್ಲ. ಬಹುತೇಕ ಪ್ರಕರಣಗಳ ಜಾಡು ಹಿಡಿದು ಹೋದರೆ ಸಿಕ್ಕಿದ್ದು ಜಪಾನಿನ ಶೋವಾ ಡೆಂಕೊ ಎಂಬ ಒಂದೇ ಕಂಪನಿ. ಅದು ಉತ್ಪಾದನೆಗೆ ಬಳಸೋ ಬ್ಯಾಕ್ಟೀರಿಯಾವನ್ನು ಬದಲಿಸಿತ್ತು, ಸೋಸಲು ಬಳಸೋ ಇಂಗಾಲದ ಪ್ರಮಾಣವನ್ನೂ ಇಳಿಸಿತ್ತು. ಆ ಮಾಲಿನಲ್ಲಿ ಇರಬಾರದ ಕಲ್ಮಶಗಳು ಸಿಕ್ಕವು. ಕೊಂದದ್ದು ಯಾವ ಕಲ್ಮಶ ಅನ್ನೋ ವಾದ ಇನ್ನೂ ಮುಗಿದಿಲ್ಲ. ಅಂದ್ರೆ ಊಟದ ಕಲಬೆರಕೆ ಬೇರೆ, ಪೂರಕದ ಸುರಕ್ಷತೆ ಬೇರೆ ಅಲ್ಲ. ಕಲಬೆರಕೆ ಕ್ಯಾಪ್ಸೂಲ್ ಒಳಗೂ ಕೂರುತ್ತೆ.

ಇಷ್ಟಾದ ಮೇಲೆ ಕಾನೂನು ಬಿಗಿಯಾಗಬೇಕಿತ್ತಲ್ವಾ? ಆದದ್ದು ಉಲ್ಟಾ. 1993ರಲ್ಲಿ ಟಿವಿಯಲ್ಲಿ ಒಂದು ಜಾಹೀರಾತು ಬಂತು. ವಿಟಮಿನ್ ಇಟ್ಟುಕೊಂಡಿದ್ದಕ್ಕೆ ನಟ ಮೆಲ್ ಗಿಬ್ಸನ್ ಮನೆಗೆ ಬಂದೂಕು ಹಿಡಿದ ಪಡೆ ನುಗ್ಗೋ ದೃಶ್ಯ! ಸರ್ಕಾರ ನಿಮ್ಮ ವಿಟಮಿನ್ ಕಿತ್ತುಕೊಳ್ಳುತ್ತೆ ಅಂತ ಜನ ಹೆದರಿದರು. 1994ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಕ್ಲಿಂಟನ್ ಹೊಸ ಕಾಯ್ದೆಗೆ ಸಹಿ ಹಾಕಿದರು. ಮಾರುವ ಮೊದಲು ಪೂರಕ ಸುರಕ್ಷಿತ ಅಂತ ಕಂಪನಿ ಸರ್ಕಾರದ ಒಪ್ಪಿಗೆ ಪಡೆಯಬೇಕಿಲ್ಲ. ಅಪಾಯಕಾರಿ ಅಂತ ಸರ್ಕಾರವೇ ಆಮೇಲೆ ಸಾಬೀತು ಮಾಡಬೇಕು.

'ಆಮೇಲೆ' ಅಂದ್ರೆ ಎಷ್ಟು ದಿನ? ತೂಕ ಇಳಿಸೋ ಎಫೆಡ್ರಾ ತೆಗೆದುಕೊಳ್ಳುತ್ತಿದ್ದ 23 ವರ್ಷದ ಬೇಸ್‌ಬಾಲ್ ಆಟಗಾರ ಸ್ಟೀವ್ ಬೆಕ್ಲರ್ 2003ರಲ್ಲಿ ಅಭ್ಯಾಸದ ವೇಳೆ ಕುಸಿದು ಸತ್ತ. ನಿಷೇಧ ಜಾರಿಗೆ ಬಂದದ್ದು 2004ರಲ್ಲಿ. ಕಾಯ್ದೆ ಬಂದು ಹತ್ತು ವರ್ಷ!

ನಮ್ಮಲ್ಲೂ 2006ರ ಆಹಾರ ಸುರಕ್ಷತಾ ಕಾಯ್ದೆ ಪೂರಕಗಳನ್ನು ಆಹಾರದ ಲೆಕ್ಕಕ್ಕೇ ಸೇರಿಸಿದೆ. ಔಷಧಿಯಾಗಿ ಬಳಸಲು ಅಲ್ಲ ಅಂತ ಲೇಬಲ್ ಮೇಲೆ ಬರೆಯಲೇಬೇಕು. ಆದರೆ ನಾವು ನುಂಗೋದು ಔಷಧಿ ಅಂತಲೇ, ದಿನಾ, ವರ್ಷಗಟ್ಟಲೆ.

ಗರ್ಭಿಣಿಗೆ ಡಾಕ್ಟರು ಕೊಡೋ ಫೋಲಿಕ್ ಆಸಿಡ್, ಕಬ್ಬಿಣದ ಮಾತ್ರೆ ಬಿಡಬೇಡಿ. ಅವು ಜೀವ ಉಳಿಸುತ್ತವೆ. ಉಳಿದ ಡಬ್ಬಿಗಳನ್ನು ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಚೀಲಕ್ಕೆ ಹಾಕಿಕೊಂಡು ಹೋಗಿ, ಮೇಜಿನ ಮೇಲಿಟ್ಟು ಕೇಳಿ: ಇದು ನನಗೆ ಬೇಕಾ? ಹಾಲಿನವನನ್ನು ನೀರು ಹಾಕಿದ್ಯಾ ಅಂತ ದಬಾಯಿಸಿ ಕೇಳೋ ನಮಗೆ, ಇಷ್ಟು ಕೇಳೋಕೆ ಏನು ಸಂಕೋಚ?